ದಿನದ ಪಾಸು

ಸಂಡೂರಿನ ಬಸ್ಸು ಮೆಜೆಸ್ಟಿಕ್ಕಿಗೆ ಬರುವುದು ಐದೂಕಾಲಿಗೆ,
ನನ್ನ ಮೊದಲ ಟ್ರಿಪ್ಪು ಬಿಡುವುದು ಐದೂವರೆಗೆ.
ಮೂರು ವಾರಕ್ಕೊಮ್ಮೆ ಈ ಕಾಲು ಗಂಟೆ
ನಮ್ಮಿಬ್ಬರದು.

ಕಂಬಕ್ಕೊರಗಿ ನಿಂತಿರುತ್ತಾನೆ ಮುದ್ದರಂಗ,
ಹೆಗಲಲ್ಲಿ ಕಂಪನಿ ಕೊಟ್ಟ ಬ್ಯಾಗು,
ಕಿವಿಯ ಮಡಿಕೆಯಲ್ಲಿ ಕೆಂಪು.
ಮೂರನೇ ಸ್ನಾನಕ್ಕೆ ಬಚ್ಚಲ ನೀರು ತಿಳಿಯಾಗುತ್ತದೆ,
ಟವೆಲ್ಲು ಯಾವತ್ತೂ ಆಗುವುದಿಲ್ಲ.

ಇವತ್ತು ಬೀಗದ ಕೈ ಕೊಟ್ಟರೆ ತಗೊಳ್ಳಲಿಲ್ಲ.
"ನಿನ್ ಬಸ್ಸಲ್ಲೇ ಕೂತಿರ್ತೀನಿ."
"ಎಲ್ಲೀತನಕ?"
"ನಿನ್ ಡ್ಯೂಟಿ ಮುಗಿಯೋತನಕ."

ಹೆಂಗಸರಿಗೆಲ್ಲ ಉಚಿತ, ಗಂಡನಿಗೆ ದುಡ್ಡು.
ದಿನದ ಪಾಸು ಹರಿದು ಕೊಟ್ಟೆ. ಚಿಲ್ಲರೆ ಕೇಳಿದ.
ಕೊಟ್ಟೆ, ಬೇರೆಯವರಿಗೆ ಕೊಡುವ ಹಾಗೇ.

ಹಿಂದಿನ ಚಕ್ರದ ಮೇಲಿನ ಸೀಟು, ಯಾರಿಗೂ ಬೇಡದ್ದು,
ಮೊಣಕಾಲು ಎದೆಗೆ ಬರುತ್ತದೆ, ಗುಂಡಿಗಳೆಲ್ಲ ಬೆನ್ನಿಗೆ.
ಅಲ್ಲೇ ಕೂತ.
ಸಿರ್ಸಿ ಸರ್ಕಲ್ ಬರುವ ಮೊದಲೇ ಬಾಯಿ ತೆರೆದಿತ್ತು.

ಮನೆಯ ಮಂಚ ಅಲ್ಲಾಡುವುದಿಲ್ಲ, ಅದೇ ತೊಂದರೆ.
ನೂರು ಟನ್ನಿನ ಗಾಡಿಯಲ್ಲಿ ಹನ್ನೆರಡು ಗಂಟೆ
ತಳದಿಂದ ದಡಕ್ಕೆ, ದಡದಿಂದ ತಳಕ್ಕೆ,
ಆಮೇಲೆ ತಗಡಿನ ಕೋಣೆ,
ಇನ್ನೊಬ್ಬನ ಮೈಬಿಸಿ ಇನ್ನೂ ಆರದ ಹಾಸಿಗೆ.

ಗಾಡಿಯೊಳಗೆ ಒಂದು ಕ್ಯಾಮೆರಾ ಇದೆಯಂತೆ, ಮೂಗಿನ ನೇರಕ್ಕೆ.
ಎರಡು ಸೆಕೆಂಡು ರೆಪ್ಪೆ ಕೂಡಿದರೆ ಬೀಪ್ ಅನ್ನುತ್ತದೆ,
ಆಫೀಸಿನಲ್ಲಿ ಯಾರಿಗೋ ಕಾಣುತ್ತದೆ.
"ಒಳ್ಳೇದಕ್ಕೇ ಅದು," ಅನ್ನುತ್ತಾನೆ,
"ತಿಪ್ಪೇಶಿ ಕಣ್ ಮುಚ್ದಾಗ ಅದಿರಲಿಲ್ಲ."
ತಿಪ್ಪೇಶಿ ಯಾರು ಅಂತ ನಾನು ಕೇಳಿಲ್ಲ.

ಕಳೆದ ರಜೆಯಲ್ಲಿ ಒಂದು ಫೋನು ಬಂತು, ಹುಡುಗಿಯ ದನಿ, ಸಕ್ಕರೆ:
"ಸರ್, ನಿಮ್ಮ ಯೋಗಕ್ಷೇಮದ ಬಗ್ಗೆ ಐದೇ ಪ್ರಶ್ನೆ.
ನಿದ್ದೆ ಹೇಗಿದೆ? ಒಂದರಿಂದ ಐದರಲ್ಲಿ ಹೇಳಿ."
ಒಲೆ ಮುಂದೆ ನಿಂತ ನನ್ನ ಕಡೆ ನೋಡಿದ.
"ಮೂರು ಹಾಕ್ಕೊಳಮ್ಮ."
"ಮನೆಯವರ ಜೊತೆ ಸಂಬಂಧ?"
"ಅದಕ್ಕೂ ಮೂರೇ ಹಾಕು."
ಎರಡು ದಿನ ನಾನು ಮಾತಾಡಲಿಲ್ಲ.
ಏಳರಲ್ಲಿ ಎರಡು ಹೋಯಿತು.

ಎರಡನೇ ಟ್ರಿಪ್ಪು, ನಾಯಂಡಹಳ್ಳಿ. ಕಾಲಿಡಲು ಜಾಗವಿಲ್ಲ.
ಅವನ ಭುಜದ ಪಕ್ಕದಲ್ಲೇ ಯಾರಿಗೋ ಕೆಂಗೇರಿ ಒಂದು ಒತ್ತಿದೆ.
ಟಿಕೆಟ್ ಮಿಷನ್ನು ಬೀಪ್ ಅಂದಿತು.
ದಿಗ್ಗನೆ ಎದ್ದ. ತಲೆ ಕಂಬಿಗೆ ಬಡಿಯಿತು.
"ಮಲಗಿಲ್ಲ ಸಾರ್, ಮಲಗಿಲ್ಲ..."
ಎರಡೂ ಕೈ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದಿದ್ದವು.

ಕಾಲೇಜು ಹುಡುಗರು ನಕ್ಕರು. ಅವರಿಗೇನು ಗೊತ್ತು.
ನಾನು ಕಂಡಕ್ಟರ್ ದನಿಯಲ್ಲೇ ಅಂದೆ:
"ಕೂತ್ಕೊಳ್ರಿ, ನಿಮ್ ಸ್ಟಾಪು ಇನ್ನೂ ದೂರ ಇದೆ."

ಆಮೇಲೆ ಮಿಷನ್ನನ್ನು ಖಾಕಿ ಕೋಟಿನೊಳಗಿಟ್ಟು ಒತ್ತಿದೆ,
ಸಭೆಯಲ್ಲಿ ಕೆಮ್ಮು ನುಂಗುವ ಹಾಗೆ.
"ಏನಮ್ಮ, ಕದ್ದು ಟಿಕೆಟ್ ಕೊಡ್ತೀಯಾ?" ಅಂದರು ಒಬ್ಬರು.
ಹೌದು ಅಂದೆ.

ಹತ್ತು ಗಂಟೆಯ ಬಿಸಿಲು ಮುಖಕ್ಕೆ ಬಿದ್ದಾಗ
ಮಾರ್ಕೆಟ್ಟಿಂದ ಬಂದ ಹೂವಿನ ಮುದುಕಿ
ತನ್ನ ಒದ್ದೆ ಗೋಣಿಚೀಲ ಕಿಟಕಿಗೆ ಸಿಕ್ಕಿಸಿದಳು.
ಇಳಿಯುವಾಗ ಅಲ್ಲೇ ಬಿಟ್ಟು ಹೋದಳು.
ನಾನವಳಿಗೆ ಏನೂ ಹೇಳಿರಲಿಲ್ಲ.

ಎರಡೂವರೆಗೆ ಡಿಪೋ. ಬಸ್ಸು ಖಾಲಿ.
ಡ್ರೈವರ್ ಬೋರಲಿಂಗಣ್ಣ ಕನ್ನಡಿಯಲ್ಲಿ ನೋಡಿದ,
ಮೊದಲು ನನ್ನನ್ನು, ಆಮೇಲೆ ಹಿಂದಿನ ಸೀಟನ್ನು.
ಕೀಲಿಗೆ ಹೋದ ಕೈಯನ್ನು ವಾಪಸು ತಂದು
ತೊಡೆಯ ಮೇಲಿಟ್ಟುಕೊಂಡ.
ಎಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು,
ಗಾಜು ನಡುಗುತ್ತಿತ್ತು, ಅವನ ಕೆನ್ನೆ ನಡುಗುತ್ತಿತ್ತು,
ಅವನು ಮಲಗಿದ್ದ.

ಕಂಟ್ರೋಲರ್ ಶೆಡ್ಡಿಂದ ಕೂಗಿದರು:
"ಡೀಸೆಲ್ ಏನ್ ನಿಮ್ಮಪ್ಪಂದಾ? ಆಫ್ ಮಾಡ್ರಿ!"
"ಬ್ರೇಕಿಗೆ ಏರ್ ಕಮ್ಮಿ ಇದೆ ಸಾರ್,"
ಬೋರಲಿಂಗಣ್ಣ ತಿರುಗದೆ ಹೇಳಿದ,
"ತುಂಬ್ಕೊಳ್ಳಲಿ."